ಕುತ್ತಿಗೆಯ ಗಂಟು: ಟಿಬಿಯೋ, ಲಿಂಫೋಮಾನೋ?

ನಿಮ್ಮ ತಮ್ಮನಿಗೆ ಕುತ್ತಿಗೆಯಲ್ಲಿ ಗಂಟು, ಸಂಜೆ ಜ್ವರ, ರಾತ್ರಿ ಬೆವರು, ತೂಕವೂ ಇಳಿದಿದೆ. ಒಬ್ಬ ಡಾಕ್ಟರು ಟಿಬಿ ಎಂದರು, ಇನ್ನೊಬ್ಬರು ಲಿಂಫೋಮಾ (ಲಿಂಫ್ ಗ್ರಂಥಿಗಳಲ್ಲಿ ಬರುವ ಕ್ಯಾನ್ಸರ್) ಇರಬಹುದು ಎಂದರು. ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ಆದರೆ ನಮ್ಮ ಅಕ್ಕನಿಗೆ ಇದೇ ಗೊಂದಲದಲ್ಲಿ ಮೂರು ತಿಂಗಳು ಹೋಯಿತು. ಗಂಟಿನಿಂದಲೇ ಪುರಾವೆ ಸಿಗುವವರೆಗೆ ಯಾವುದನ್ನೂ ಖಚಿತ ಅಂದುಕೊಳ್ಳಬೇಡಿ.

ಅಕ್ಕನಿಗೆ ಸೂಜಿ ಹಾಕಿ ತೆಗೆದ ಸ್ಯಾಂಪಲ್‌ನಲ್ಲಿ ಗ್ರ್ಯಾನುಲೋಮಾ (ಟಿಬಿಯಲ್ಲಿ ಸಾಮಾನ್ಯವಾಗಿ ಕಾಣುವ ಉರಿಯೂತದ ಜೀವಕೋಶಗಳ ಗುಂಪು) ಅಂತ ಬಂತು. ನಮ್ಮಲ್ಲಿ ಕುತ್ತಿಗೆ ಗಂಟು ಅಂದರೆ ಮೊದಲು ನೆನಪಾಗುವುದೇ ಟಿಬಿ, ಅಲ್ವಾ? ಮಾತ್ರೆ ಶುರುವಾಯಿತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ನೋಡಿ, ಔಷಧಿ ಹಿಡಿಯುತ್ತಿದೆ ಅಂತ ಅಮ್ಮ ಸಮಾಧಾನಪಟ್ಟರು. ಅದು ರಿಫಾಂಪಿಸಿನ್ ಎಂಬ ಟಿಬಿ ಔಷಧಿಯ ಬಣ್ಣ ಅಷ್ಟೇ. ಜ್ವರ ಬಿಡಲಿಲ್ಲ, ಭುಜದ ಮೂಳೆ ಹತ್ತಿರ ಇನ್ನೊಂದು ಗಂಟು ಎದ್ದಿತು. ಕೊನೆಗೆ ಒಂದು ಗಂಟನ್ನು ಇಡಿಯಾಗಿ ತೆಗೆದು ನೋಡಿದರೆ ಹಾಡ್ಜ್‌ಕಿನ್ ಲಿಂಫೋಮಾ. ಅದರಲ್ಲೂ ಗ್ರ್ಯಾನುಲೋಮಾ ಕಾಣಿಸಬಹುದು ಅಂತ ನಮಗೆ ಗೊತ್ತಾಗಿದ್ದು ಆವತ್ತೇ.

ಟಿಬಿ ಗಂಟುಗಳು ಒಂದಕ್ಕೊಂದು ಅಂಟಿಕೊಂಡು, ಕೆಲವೊಮ್ಮೆ ಕೀವಾಗಿ ಒಡೆಯುತ್ತವೆ. ಲಿಂಫೋಮಾದವು ಸಾಮಾನ್ಯವಾಗಿ ರಬ್ಬರ್ ಹಾಗೆ, ನೋವಿಲ್ಲದೆ ಇರುತ್ತವೆ. ಆದರೆ ಕೈಯಿಂದ ಮುಟ್ಟಿ ತೀರ್ಮಾನಿಸುವ ವಿಷಯ ಇದಲ್ಲ. ಇಎಸ್‌ಆರ್ (ಉರಿಯೂತ ತೋರಿಸುವ ರಕ್ತ ಪರೀಕ್ಷೆ) ಎರಡರಲ್ಲೂ ಏರುತ್ತದೆ, ಪೆಟ್ ಸ್ಕ್ಯಾನ್‌ನಲ್ಲಿ ಎರಡೂ ಹೊಳೆಯುತ್ತವೆ. ಮಾಂಟೂ (ಟಿಬಿಗೆ ಮಾಡುವ ಚರ್ಮದ ಪರೀಕ್ಷೆ) ಪಾಸಿಟಿವ್ ಬಂದರೂ, ಈ ಗಂಟು ಟಿಬಿಯದೇ ಅಂತಾಗುವುದಿಲ್ಲ.

ಗಂಟು ತೆಗೆಯುವ ಮೊದಲೇ ಸರ್ಜನ್ ಹತ್ತಿರ ಒಂದು ಮಾತು ಕೇಳಿ: "ಸರ್, ಎರಡು ಬಾಟಲಿಗೆ ಹಾಕ್ತೀರಾ?" ಫಾರ್ಮಾಲಿನ್ (ತುಂಡು ಕೆಡದಂತೆ ಇಡುವ ದ್ರಾವಣ) ಬಾಟಲಿ ಪೆಥಾಲಜಿಗೆ ಹೋಗುತ್ತದೆ. ಲಿಂಫೋಮಾ ಹೌದೋ ಅಲ್ಲವೋ, ಯಾವ ಬಗೆ ಅಂತ ಹೇಳುವ ಇಮ್ಯುನೋಹಿಸ್ಟೋಕೆಮಿಸ್ಟ್ರಿ ಪರೀಕ್ಷೆ ಅದರಲ್ಲೇ ಆಗುತ್ತದೆ. ಆದರೆ ಫಾರ್ಮಾಲಿನ್‌ನಲ್ಲಿ ಟಿಬಿ ಕ್ರಿಮಿ ಸತ್ತುಹೋಗುತ್ತದೆ, ಮತ್ತೆ ಕಲ್ಚರ್‌ನಲ್ಲಿ (ಲ್ಯಾಬ್‌ನಲ್ಲಿ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಬೆಳೆಯುವುದಿಲ್ಲ. ಅದಕ್ಕೇ ಇನ್ನೊಂದು ತುಂಡು ಬರೀ ಸಲೈನ್‌ನಲ್ಲಿ ಸಿಬಿನ್ಯಾಟ್‌ಗೂ (ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಪರೀಕ್ಷೆ) ಕಲ್ಚರ್‌ಗೂ ಹೋಗಬೇಕು. ಸಿಬಿನ್ಯಾಟ್ ಯಂತ್ರಕ್ಕೆ ಸುಮಾರು 2 ಗಂಟೆ ಸಾಕು, ಕಲ್ಚರ್‌ಗೆ 6ರಿಂದ 8 ವಾರ ಹಿಡಿಯಬಹುದು. ಸಿಬಿನ್ಯಾಟ್ ನೆಗೆಟಿವ್ ಬಂದ ಮಾತ್ರಕ್ಕೆ ಟಿಬಿ ಇಲ್ಲ ಅನ್ನುವ ಹಾಗಿಲ್ಲ.

ಬಯಾಪ್ಸಿಗೆ ಮೊದಲು ಜ್ವರ ಇಳಿಯಲಿ ಅಂತ ಯಾರಾದರೂ ಸ್ಟೀರಾಯ್ಡ್ ಬರೆದುಕೊಟ್ಟರೆ, ಡಾಕ್ಟರ ಹತ್ತಿರ ಖಂಡಿತ ಪ್ರಶ್ನೆ ಮಾಡಿ. ಲಿಂಫೋಮಾ ಇದ್ದರೆ ಗಂಟು ಕರಗಿ, ರಿಪೋರ್ಟ್ ದಾರಿ ತಪ್ಪಿಸಬಹುದು.

ಟಿಬಿ ಅಂತಲೇ ಸಾಬೀತಾದರೆ ಸಾಮಾನ್ಯವಾಗಿ 6 ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮಧ್ಯೆ ಗಂಟು ಸ್ವಲ್ಪ ದಪ್ಪವಾಗುವುದೂ ಉಂಟು. ಆಗ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ತೋರಿಸಿ. ಲಿಂಫೋಮಾ ಅಂತ ಬಂದರೂ ಎದೆಗುಂದಬೇಡಿ. ಅಕ್ಕ ಕೀಮೋ ಮುಗಿಸಿ ನಾಲ್ಕು ವರ್ಷ ಆಯಿತು, ದಿನಾ ಕೆಲಸಕ್ಕೆ ಹೋಗುತ್ತಾಳೆ.