ಸಿ.ಎಸ್.ಐ. ದೀಕ್ಷಾಸ್ನಾನ ಆದವರಿಗೆ ಮತ್ತೆ ಜ್ಞಾನಸ್ನಾನ ಬೇಕೇ?

ಮಂಜೇಶ್ವರದಿಂದ ಕೇಳಿದ್ದೀರಿ: ಶಿಶುವಾಗಿದ್ದಾಗ ಸಿ.ಎಸ್.ಐ. (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಕ್ರೈಸ್ತರ) ಸಭೆಯಲ್ಲಿ ದೀಕ್ಷಾಸ್ನಾನ ಆಗಿದೆ, ಕ್ಯಾಥೊಲಿಕ್ ಹುಡುಗಿಯ ಕೈಹಿಡಿಯಲು ಮತ್ತೆ ಜ್ಞಾನಸ್ನಾನ (ಅದೇ ದೀಕ್ಷಾಸ್ನಾನ) ಬೇಕೇ, ಜನ್ಮಪಾಪ (ಆದಾಮನಿಂದ ಎಲ್ಲರಿಗೂ ಹುಟ್ಟಿನಿಂದಲೇ ಬರುವ ಪಾಪ) ಇನ್ನೂ ಹೋಗಿಲ್ಲವೇ ಎಂದು.

ಬೇಡ. ನೀರು ಸುರಿದು ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ಕೊಟ್ಟಿದ್ದರೆ ಕ್ಯಾಥೊಲಿಕರಿಗೂ ಅದು ಸಿಂಧು. ಮನೆಯವರು ಒತ್ತಾಯಿಸಿದರೂ ಎರಡನೇ ಸಲಕ್ಕೆ ದಯವಿಟ್ಟು ಒಪ್ಪಬೇಡಿ. ನಿಮ್ಮ ಸಭೆಯಿಂದ ದೀಕ್ಷಾಸ್ನಾನದ ಪ್ರಮಾಣಪತ್ರ ತನ್ನಿ. ಮಿಶ್ರ ವಿವಾಹಕ್ಕೆ ಬಿಷಪರ ಅನುಮತಿ ಬೇಕು; ಮಂಜೇಶ್ವರದ ಚರ್ಚು ಮಂಗಳೂರು ಧರ್ಮಪ್ರಾಂತ್ಯದ್ದು, ಅರ್ಜಿ ಹುಡುಗಿಯ ವಿಗಾರರ (ಚರ್ಚಿನ ಮುಖ್ಯ ಗುರುಗಳ) ಮೂಲಕ ಹೋಗಲಿ.

ಜನ್ಮಪಾಪದ ಬಗ್ಗೆ ಕ್ಯಾಥೊಲಿಕರಿಗೂ ಪ್ರೊಟೆಸ್ಟಂಟರಿಗೂ ಭೇದವಿರುವುದು ಸ್ನಾನದ ನಂತರವೂ ಉಳಿಯುವ ಕೆಟ್ಟ ಒಲವಿನ ವಿಷಯದಲ್ಲಿ. 1546ರಲ್ಲಿ ಕ್ಯಾಥೊಲಿಕ್ ಬಿಷಪರ ಟ್ರೆಂಟ್ ಮಹಾಸಭೆ ಹೇಳಿದ್ದು: ಜನ್ಮಪಾಪ ಪೂರ್ತಿ ತೊಳೆದುಹೋಗುತ್ತದೆ, ಉಳಿಯುವ ಒಲವು ಪಾಪಕ್ಕೆ ಎಳೆಯುತ್ತದೆ, ತಾನೇ ಪಾಪವಲ್ಲ. ಪ್ರೊಟೆಸ್ಟಂಟ್ ಸುಧಾರಕ ಲೂಥರ್ ಪ್ರಕಾರ ಅದೂ ಪಾಪವೇ, ಆದರೆ ಕ್ರಿಸ್ತನ ನಿಮಿತ್ತ ದೇವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಿಶುಸ್ನಾನವನ್ನೇ ಒಪ್ಪದವರು ಬ್ಯಾಪ್ಟಿಸ್ಟರು, ಸಿ.ಎಸ್.ಐ.ಯವರಲ್ಲ.