ಏಪ್ರಿಲ್‌ ಕಾಡಿನಲ್ಲಿ ತರಗೆಲೆ ಹಾಸಿಗೆ ಬೇಡ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತೋಟದ ಮೇಲಿನ ಸೊಪ್ಪಿನಬೆಟ್ಟದಲ್ಲಿ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು) ಏಪ್ರಿಲ್‌ನಲ್ಲಿ ಒಬ್ಬನೇ ಎರಡು ರಾತ್ರಿ ಇರಬೇಕೆಂದಿದ್ದೇನೆ. ಯೂಟ್ಯೂಬ್‌ನಲ್ಲಿ ತೋರಿಸುವ ಹಾಗೆ ಕೋಲು ಒರಗಿಸಿ, ಒಳಗೆ ದಪ್ಪಕ್ಕೆ ತರಗೆಲೆ ಹಾಸಿ ಮಲಗಬಹುದೇ? (ಸಾಗರ ತಾಲ್ಲೂಕಿನ ಓದುಗರು)

ಉತ್ತರ: ಬೇಡ. ಆ ಉಪಾಯ ಚಳಿದೇಶದ್ದು. ಅಲ್ಲಿ ನೆಲ ಮೈಯ ಬಿಸಿ ಎಳೆದುಕೊಳ್ಳುತ್ತದೆ, ಎಲೆ ಅದನ್ನು ತಡೆಯುತ್ತದೆ. ಮಲೆನಾಡಿನ ಏಪ್ರಿಲ್‌ನಲ್ಲಿ ಇರುವುದು ಉಣುಗಿನ (ರಕ್ತ ಹೀರುವ ಉಣ್ಣೆ) ಕಾಟ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಎಂಬ ವೈರಸ್ ಜ್ವರವನ್ನು ಮನುಷ್ಯರಿಗೆ ದಾಟಿಸುವುದು ಹೆಚ್ಚಾಗಿ ಮರಿ ಉಣುಗು. ಬೇಸಿಗೆ ಮುಗಿಯುವವರೆಗೂ ಅದು ತರಗೆಲೆಯಲ್ಲೇ ಇರುತ್ತದೆ. ಸಾಸಿವೆಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ನಾಲ್ಕೈದು ಮೀಟರ್ ಅಂತರದ ಎರಡು ಗಟ್ಟಿಮರಗಳ ನಡುವೆ ಹ್ಯಾಮಕ್ (ಬಟ್ಟೆಯ ತೂಗುಹಾಸಿಗೆ) ಕಟ್ಟಿ. ಮೊದಲು ತಲೆ ಎತ್ತಿ ಒಣಕೊಂಬೆ ಇದೆಯೇ ನೋಡಿ. ಕೂತಾಗ ನೆಲದಿಂದ ಒಂದೂವರೆ ಅಡಿ ಎತ್ತರವಿದ್ದರೆ ಸಾಕು. ಕೆಳಗಿನ ತರಗನ್ನು ಕೈಯಿಂದ ಬಾಚಬೇಡಿ, ಚೇಳು ಇರುತ್ತದೆ. ಉದ್ದ ಕೋಲಿನಿಂದ ಸರಿಸಿ. ಮೇಲೆ ಮೂರು ಮೀಟರ್ ಉದ್ದ, ಅಷ್ಟೇ ಅಗಲದ ಟಾರ್ಪಾಲು ಇರಲಿ. ಅಡ್ಡಮಳೆ ಬಂದರೆ ನೀರು ಹ್ಯಾಮಕ್ಕನ್ನು ಮರಕ್ಕೆ ಬಿಗಿದ ಪಟ್ಟಿಯ ಮೇಲೇ ಹರಿದು ಬೆನ್ನಿಗೆ ಬರುತ್ತದೆ. ಮರಕ್ಕೂ ಬಟ್ಟೆಗೂ ನಡುವೆ ಪಟ್ಟಿಗೊಂದು ಹತ್ತಿದಾರ ಇಳಿಬಿಟ್ಟರೆ ಅಲ್ಲೇ ತೊಟ್ಟಿಕ್ಕುತ್ತದೆ. ಗುಡುಗು ಶುರುವಾದರೆ ಮನೆಗೆ ನಡೆಯಿರಿ.

ಕೈಕಾಲಿಗೆ ಡೆಪಾ ಎಣ್ಣೆ (ಉಣುಗನ್ನು ದೂರವಿಡುವ ಎಣ್ಣೆ) ಸವರಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಬೆಳಿಗ್ಗೆ ಸಂಜೆ ಕಂಕುಳು, ಸೊಂಟ, ಮೊಣಕಾಲ ಹಿಂದೆ, ಕೂದಲಂಚು ನೋಡಿಕೊಳ್ಳಿ. ಉಣುಗು ಕಚ್ಚಿ ಹಿಡಿದಿದ್ದರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೀಡಿಕಿಡಿ ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಜಾಗ ಬಿಡಿ. ಮರಳಿದ ಒಂದೆರಡು ವಾರದೊಳಗೆ ಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಇನ್ನೊಂದು: ಸೊಪ್ಪಿನಬೆಟ್ಟದಲ್ಲಿ ನಿಮಗಿರುವುದು ಸೊಪ್ಪು ಮುಂತಾದ್ದನ್ನು ತರುವ ಹಕ್ಕು ಮಾತ್ರ. ಅರಣ್ಯ ಇಲಾಖೆಯನ್ನು ಕೇಳದೆ ರಾತ್ರಿ ತಂಗಬೇಡಿ. ತೋಟದಲ್ಲೇ ಕಟ್ಟಿಕೊಂಡರೆ ತಕರಾರಿಲ್ಲ.

ಪ್ರಶ್ನೆ: ಈ ಕಾಲದಲ್ಲಿ ಕಾಡಿನಲ್ಲಿ ತಿನ್ನಲು ಏನೇನು ಸಿಗುತ್ತದೆ? (ಪುತ್ತೂರು)

ಉತ್ತರ: ನಾಲಿಗೆಗೆ ಬೇಕಾದಷ್ಟು, ಹೊಟ್ಟೆಗೆ ಕಡಿಮೆ. ಅಕ್ಕಿ, ಬೆಲ್ಲ, ಉಪ್ಪು ಒಯ್ಯಲೇಬೇಕು. ಕೆಂಪಗೆ ಬಿಡುವ ಕುಂಟುನೇರಳೆ, ಕೇಪಳದ ಕುಡಿ ಒಂದು ಹಿಡಿ ಕಿತ್ತು, ಚಮಚ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ಜಜ್ಜಿ ಮಜ್ಜಿಗೆಗೆ ಕಲಸಿದರೆ ತಂಬುಳಿ. ಬಲಿತ ಎಲೆ ಒಗರು, ಬೇಡ. ಕವಳಿ (ಕರಂಡೆ) ಹಣ್ಣನ್ನು ಕಪ್ಪಾದ ಮೇಲೆ ಕೀಳಿ. ಕಾಯಿಯ ಹಾಲು ಬಾಯಿಗೆ ಅಂಟುತ್ತದೆ. ಐದಾರು ಮುರುಗಲ ಹಣ್ಣು ಕಿವುಚಿದರೆ ಒಂದು ಲೀಟರ್ ಪಾನಕ. ಹೊಳೆನೀರು ಕುದಿ ಬಂದ ಮೇಲೂ ಒಂದು ನಿಮಿಷ ಕುದಿಯಲಿ.

ಕಾಸರಕವನ್ನು ಮಾತ್ರ ಮುಟ್ಟಬೇಡಿ. ಹಣ್ಣು ಪುಟ್ಟ ಕಿತ್ತಳೆಯಂತೆ. ಎಲೆಯ ಬುಡದಿಂದಲೇ ಮೂರರಿಂದ ಐದು ನರ ಹೊರಡುತ್ತವೆ. ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ವಿಷವಿದೆ. ಮಂಗಟ್ಟೆ ಹಕ್ಕಿ ಈ ಹಣ್ಣು ತಿನ್ನುತ್ತದೆ, ಹಾಗಾಗಿ ‘ಪ್ರಾಣಿಪಕ್ಷಿ ತಿಂದದ್ದನ್ನು ನಾವೂ ತಿನ್ನಬಹುದು’ ಎಂಬ ಲೆಕ್ಕ ನಂಬಬೇಡಿ. ಗುರುತು ಖಾತ್ರಿಯಿಲ್ಲದ್ದು ಬಾಯಿಗೆ ಬೇಡ.

ಪ್ರಶ್ನೆ: ಒಲೆಗೆ ಯಾವ ಸೌದೆ ಒಳ್ಳೆಯದು? (ಶಿರಸಿ)

ಉತ್ತರ: ಮೊದಲ ಮಳೆ ಬೀಳುವವರೆಗೆ ಕಾಡಂಚಿನಲ್ಲಿ ಸೌದೆ ಒಲೆಯೇ ಬೇಡ, ಸಣ್ಣ ಗ್ಯಾಸ್ ಸ್ಟವ್ ಒಯ್ಯಿರಿ. ಅದನ್ನೂ ಎರಡು ಮೀಟರ್ ಸುತ್ತ ಮಣ್ಣು ಕಾಣುವಂತೆ ಕೆರೆದ ಜಾಗದಲ್ಲಿಡಿ. ತೋಟದಲ್ಲಿ ಒಲೆ ಹಚ್ಚುವುದಾದರೆ ಹೊಲಗೇರು, ಕರಿಗೇರಿನ ಕೊಂಬೆ ತರಬೇಡಿ. ಸೊನೆ ತಾಗಿದಲ್ಲಿ ಬೊಕ್ಕೆ ಏಳುತ್ತದೆ, ಹೊಗೆಯೂ ಒಳ್ಳೆಯದಲ್ಲ. ಕೊಂಬೆಯನ್ನು ಕಡಿದ ಜಾಗ ಕಪ್ಪಾದರೆ ಅಂಥ ಮರವೆಂದು ಅನುಮಾನಿಸಿ. ಬಿದಿರನ್ನು ಸೀಳಿಯೇ ಹಾಕಿ, ಮುಚ್ಚಿದ ಗೆಣ್ಣು ಸಿಡಿಯುತ್ತದೆ. ಹೊಳೆಯ ಒದ್ದೆಕಲ್ಲನ್ನು ಒಲೆಗಿಟ್ಟರೂ ಅದೇ ಗತಿ. ಆರಿಸುವಾಗ ನೀರು ಹಾಕಿ, ಕಲಕಿ, ಮತ್ತೆ ಹಾಕಿ. ಬೂದಿಯೊಳಗೆ ಕೈಯಿಡುವಷ್ಟು ತಣ್ಣಗಾಗಬೇಕು, ಇಲ್ಲವಾದರೆ ಬೇರು ಹಿಡಿದ ಕೆಂಡ ಮರುದಿನ ಬೇರೆಲ್ಲೋ ಮೇಲೇಳುತ್ತದೆ.