ನೀರು ಬಿಟ್ಟು ಮೇಲೆ ಬಂದ ಆಕ್ಸೊಲಾಟಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಆಕ್ಸೊಲಾಟಲ್ ಅಂದರೆ ಜೀವನಪೂರ್ತಿ ಕಿವಿರು ಇಟ್ಟುಕೊಂಡು ನೀರಲ್ಲೇ ಬದುಕುವ ಒಂದು ಸಲಮಾಂಡರ್, ಕಪ್ಪೆಯ ಬಳಗದ, ನೋಡಲು ಹಲ್ಲಿಯಂಥ ಪ್ರಾಣಿ. ಇದನ್ನು ಸಾಕುವವರ ಪತ್ರಗಳಲ್ಲಿ ಈ ಸಲ ಒಂದೇ ಗಾಬರಿ ಜಾಸ್ತಿ ಕಂಡಿತು. ಕಿವಿರು ಕರಗುತ್ತಿದೆ, ಪ್ರಾಣಿ ನೀರಿನಿಂದ ಹೊರಗೆ ಬರಲು ನೋಡುತ್ತಿದೆ, ಏನು ಮಾಡುವುದು ಅಂತ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಮೇಡಂ, ನಮ್ಮ ಆಕ್ಸೊಲಾಟಲ್‌ಗೆ ಈಗ ಹತ್ತು ತಿಂಗಳು. ಮೂರು ವಾರದಿಂದ ಅದರ ಕಿವಿರು ಸಣ್ಣದಾಗುತ್ತಾ ಬಂದಿದೆ. ಐದು ದಿನದಿಂದ ಏನೂ ತಿಂದಿಲ್ಲ. ಮೈಮೇಲಿಂದ ತೆಳ್ಳಗೆ ಪೊರೆ ಥರ ಏನೋ ಬಿಟ್ಟು ಬರುತ್ತಿದೆ. ಆಗಾಗ ಮೇಲೆ ಬಂದು ಗಾಳಿ ನುಂಗುತ್ತದೆ. ಉಪ್ಪು ನೀರಲ್ಲಿ ಇಡಿ ಅಂತ ಒಬ್ಬರು ಹೇಳಿದರು. ಇಡಲಾ?

ಬೇಡ. ಉಪ್ಪನ್ನು ಪಕ್ಕಕ್ಕಿಡಿ. ಮೊದಲು ಟ್ಯಾಂಕಿನ ನೀರನ್ನು ಪರೀಕ್ಷೆ ಮಾಡಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಇರಬೇಕು. ನೀರು ಕೆಟ್ಟರೂ ಕಿವಿರು ಸಣ್ಣದಾಗುತ್ತದೆ, ನೀರು ಬಿಸಿಯಾದರೂ ಪ್ರಾಣಿ ಊಟ ಬಿಟ್ಟು ಮೇಲೆ ಬಂದು ಗಾಳಿ ನುಂಗುತ್ತದೆ, ಹಾಗಾಗಿ ಬರೀ ಕಿವಿರು ನೋಡಿ ಏನನ್ನೂ ತೀರ್ಮಾನ ಮಾಡಬೇಡಿ.

ನೀರು ಸರಿಯಿದ್ದರೆ ಬಾಲ ನೋಡಿ, ಆಮೇಲೆ ಕಣ್ಣು ನೋಡಿ. ಬೆನ್ನಿನಿಂದ ಬಾಲದ ತುದಿವರೆಗೆ ಹೋಗುವ ತೆಳ್ಳನೆಯ ರೆಕ್ಕೆ ಕರಗಿ ಬಾಲ ದುಂಡಗಾಗುತ್ತಿದೆಯಾ? ಕಣ್ಣು ಉಬ್ಬಿಕೊಂಡು ಸುತ್ತ ರೆಪ್ಪೆಯ ಅಂಚು ಮೂಡುತ್ತಿದೆಯಾ? ಕೆಟ್ಟ ನೀರು ಕಿವಿರನ್ನು ತಿನ್ನಬಹುದು, ಆದರೆ ಪ್ರಾಣಿಗೆ ರೆಪ್ಪೆ ಕೊಡುವುದಿಲ್ಲ. ಈ ಎರಡೂ ಕಂಡರೆ ನಿಮ್ಮ ಆಕ್ಸೊಲಾಟಲ್ ರೂಪ ಬದಲಾಯಿಸುತ್ತಿದೆ. ಕಪ್ಪೆಯ ಗೊದಮೊಟ್ಟೆ ಕಪ್ಪೆಯಾಗುತ್ತದಲ್ಲ, ಹಾಗೇ ಇದು ನೆಲದ ಮೇಲೆ ಬದುಕುವ ಸಲಮಾಂಡರ್ ಆಗುತ್ತಿದೆ. ಒಮ್ಮೆ ಶುರುವಾಗಿ ಇಷ್ಟು ದೂರ ಬಂದ ಮೇಲೆ ಹಿಂದಕ್ಕೆ ತಿರುಗಿಸುವ ಔಷಧಿ ಇಲ್ಲ.

ನಾನು ಇದನ್ನು ಮೊದಲ ಸಲ ಕಂಡಾಗ ಗುರುತೇ ಹಿಡಿಯಲಿಲ್ಲ. ಕಾಯಿಲೆ ಅಂದುಕೊಂಡು ಒಂದು ವಾರ ದಿನಾ ನೀರು ಬದಲಾಯಿಸಿದೆ, ಟ್ಯಾಂಕ್ ಮಾತ್ರ ಕಂಠಮಟ್ಟ ತುಂಬಿಯೇ ಇತ್ತು. ಒಂದು ರಾತ್ರಿ ಎದ್ದು ದೀಪ ಹಾಕಿ ನೋಡಿದರೆ, ಅದು ಮುಂಗಾಲೆರಡರಲ್ಲಿ ಫಿಲ್ಟರಿನ ಪೈಪನ್ನು ತಬ್ಬಿಕೊಂಡು, ಮೂಗಿನ ತುದಿ ಮಾತ್ರ ನೀರಿನ ಮೇಲಿಟ್ಟು ನೇತಾಡುತ್ತಿತ್ತು. ಎಷ್ಟು ಹೊತ್ತಿನಿಂದ ಹಾಗಿತ್ತೋ. ಕಿವಿರು ಕರಗಿದ ಮೇಲೆ ಅದು ಶ್ವಾಸಕೋಶ ನಂಬಿಕೊಂಡೇ ಬದುಕಬೇಕು. ಆಳದ ನೀರಿನಲ್ಲಿ ಸುಸ್ತಾದರೆ ಮುಳುಗಿ ಸಾಯುತ್ತದೆ, ನೀರಲ್ಲೇ ಹುಟ್ಟಿ ಬೆಳೆದ ಪ್ರಾಣಿಯೇ ಆದರೂ.

ಹಾಗಾಗಿ ನೀವು ಇವತ್ತೇ ಶುರು ಮಾಡಬೇಕಾದದ್ದು ನೀರು ಇಳಿಸುವ ಕೆಲಸ. ಒಂದೇ ಸಲ ಖಾಲಿ ಮಾಡಬೇಡಿ, ನಾಲ್ಕೈದು ದಿನದಲ್ಲಿ ಸ್ವಲ್ಪ ಸ್ವಲ್ಪ ಇಳಿಸಿ. ಕೊನೆಗೆ ಅದು ಕಾಲೂರಿ ನಿಂತರೆ ತಲೆ ಸುಲಭವಾಗಿ ಹೊರಗೆ ಬರುವಷ್ಟು ನೀರು ಸಾಕು. ಒಂದು ಬದಿಗೆ ನುಣುಪಾದ ಕಲ್ಲುಗಳನ್ನು ಇಳಿಜಾರಾಗಿ ಜೋಡಿಸಿ, ಮೇಲೆ ಒದ್ದೆ ಪಾಚಿ ಹಾಸಿ. ಯಾವಾಗ ಹತ್ತಿ ಬರಬೇಕು ಅಂತ ಅದೇ ತೀರ್ಮಾನ ಮಾಡಲಿ, ನೀವು ಎತ್ತಿ ಒಣಗಿದ ಜಾಗದಲ್ಲಿ ಇಡಬೇಡಿ. ಇಷ್ಟು ಕಡಿಮೆ ನೀರು ಬೇಗ ಕೊಳೆಯಾಗುತ್ತದೆ, ಆದ್ದರಿಂದ ದಿನಾ ಬದಲಾಯಿಸಬೇಕು, ಕ್ಲೋರಿನ್ ತೆಗೆದ ತಣ್ಣನೆ ನೀರನ್ನೇ ಹಾಕಬೇಕು. ಜೊತೆಗೆ ಬೇರೆ ಆಕ್ಸೊಲಾಟಲ್ ಇದ್ದರೆ ಬೇರೆ ಮಾಡಿ. ಮುಚ್ಚಳ ಗಟ್ಟಿಯಾಗಿರಲಿ. ಈ ಹೊತ್ತಿನಲ್ಲಿ ಇವು ಹತ್ತಿ ಆಚೆ ಬೀಳುವುದು ಜಾಸ್ತಿ, ರಾತ್ರಿ ಯಾರ ಕಣ್ಣಿಗೂ ಬೀಳದೆ ನೆಲದಲ್ಲಿ ಒಣಗಿ ಹೋಗುತ್ತವೆ.

ಊಟ ಬಿಟ್ಟಿರುವುದಕ್ಕೆ ತುಂಬಾ ಹೆದರಬೇಡಿ. ಬಾಯಿ, ತಲೆಬುರುಡೆ, ಚರ್ಮ ಎಲ್ಲ ಬದಲಾಗುವ ಸಮಯ ಅದು. ಒಂದೆರಡು ವಾರ ತಿನ್ನದೇ ಇರಬಹುದು. ಪೊರೆ ಬಿಡುವುದೂ ಇದರದ್ದೇ ಭಾಗ. ಒದ್ದೆ ಟಿಶ್ಯೂ ಕಾಗದದ ಹಾಗೆ ಕಾಲುಬೆರಳಿಗೆ ಸುತ್ತಿಕೊಂಡಿರುತ್ತದೆ, ಕೆಲವು ಸಲ ಅದನ್ನು ತಾನೇ ತಿಂದುಬಿಡುತ್ತದೆ. ಕೈ ಹಾಕಿ ಎಳೆಯಬೇಡಿ. ಆದರೆ ಮೈಮೇಲೆ ಹತ್ತಿಯಂಥ ಬಿಳಿ ಬೂಷ್ಟು, ಕೆಂಪು ಗಾಯ ಕಂಡರೆ, ಅಥವಾ ದಿನದಿಂದ ದಿನಕ್ಕೆ ಬೆನ್ನು ಸೊರಗುತ್ತಾ ಹೋದರೆ, ಉಭಯವಾಸಿಗಳನ್ನು ನೋಡಿ ಅಭ್ಯಾಸ ಇರುವ ಪಶುವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: ಆಕ್ಸೊಲಾಟಲ್ ಸಾಯುವವರೆಗೂ ಮರಿಯಂತೆಯೇ ಇರುತ್ತದೆ ಅಂತ ಓದಿದ್ದೆ. ನಮ್ಮದು ಬದಲಾಗಿಬಿಟ್ಟಿತು. ನಾನೇನಾದರೂ ತಪ್ಪು ಮಾಡಿದೆನಾ?

ನೀವು ಓದಿದ್ದು ಸರಿಯೇ. ಮೆಕ್ಸಿಕೊ ನಗರದ ಅಂಚಿನ ಸೋಚಿಮಿಲ್ಕೊ ಕೆರೆ ಕಾಲುವೆಗಳ ಈ ಪ್ರಾಣಿ ಕಿವಿರು ಇಟ್ಟುಕೊಂಡೇ ಬೆಳೆದು, ಹಾಗೇ ಮೊಟ್ಟೆಯಿಟ್ಟು ಬದುಕು ಮುಗಿಸುತ್ತದೆ. ರೂಪ ಬದಲಿಸಲು ಥೈರಾಯ್ಡ್ ಹಾರ್ಮೋನು ಬೇಕು. ಇದರ ಮೈಯಲ್ಲಿ ಥೈರಾಯ್ಡ್ ಗ್ರಂಥಿ ಇದೆ, ಅದನ್ನು ಎಬ್ಬಿಸುವ ಸಂದೇಶ ಮಾತ್ರ ಮೆದುಳಿನ ಬುಡದಿಂದ ಬೇಕಾದಷ್ಟು ಬರುವುದಿಲ್ಲ. ಅಂದರೆ ಬದಲಾಗುವ ಶಕ್ತಿ ಒಳಗೆ ಮಲಗಿರುತ್ತದೆ, ಕಳೆದುಹೋಗಿಲ್ಲ.

ಇದು ಮೊದಲು ಗೊತ್ತಾದದ್ದು ಪ್ಯಾರಿಸ್‌ನಲ್ಲಿ. 1864ರಲ್ಲಿ ಅಲ್ಲಿನ ಪ್ರಾಣಿಶಾಸ್ತ್ರಜ್ಞ ಆಗಸ್ಟ್ ಡ್ಯುಮೆರಿಲ್ ಅವರಿಗೆ ಮೆಕ್ಸಿಕೊದಿಂದ ಬಂದ ಆರು ಆಕ್ಸೊಲಾಟಲ್ ಸಿಕ್ಕಿದವು. ಮುಂದಿನ ವರ್ಷ ಅವು ಮರಿ ಮಾಡಿದವು. ಆ ಮರಿಗಳಲ್ಲಿ ಕೆಲವು ಕಿವಿರು ಕಳೆದುಕೊಂಡು ಬೇರೆಯದೇ ಪ್ರಾಣಿಯ ಹಾಗೆ ಹೊರಗೆ ನಡೆದು ಬಂದವು! ಅಪ್ಪ ಅಮ್ಮ ನೀರಲ್ಲಿ, ಮಕ್ಕಳು ನೆಲದಲ್ಲಿ. ಅಷ್ಟು ಅನುಭವ ಇದ್ದವರೇ ಬೆರಗಾಗಿ ನಿಂತರು ಅಂದಮೇಲೆ ನಾವು ಗಾಬರಿಯಾಗುವುದರಲ್ಲಿ ಏನೂ ಆಶ್ಚರ್ಯವಿಲ್ಲ.

ಸಾಕಿದ ತಳಿಗಳಲ್ಲಿ ಇನ್ನೊಂದು ವಿಷಯ ಇದೆ. 1962ರಲ್ಲಿ ಬಿಳಿಚು ಬಣ್ಣದ ಗುಣ ತರಲೆಂದು ಪ್ರಯೋಗಾಲಯದಲ್ಲಿ ಆಕ್ಸೊಲಾಟಲ್ ಜೊತೆ ಟೈಗರ್ ಸಲಮಾಂಡರನ್ನು ಬೆರೆಸಿದರು. ಟೈಗರ್ ಸಲಮಾಂಡರ್ ಸಾಮಾನ್ಯವಾಗಿ ನೆಲಕ್ಕೆ ಬರುವ ಜಾತಿ. ಆ ರಕ್ತ ಇವತ್ತಿನ ಸಾಕು ತಳಿಗಳಲ್ಲೂ ಅಲ್ಪಸ್ವಲ್ಪ ಹರಿಯುತ್ತಿದೆ. ನೀರು, ತಾಪಮಾನ, ಊಟ ಎಲ್ಲ ಸರಿಯಾಗಿ ನೋಡಿಕೊಂಡಿದ್ದರೂ ಎಲ್ಲೋ ಅಪರೂಪಕ್ಕೆ ಒಂದು ತಾನಾಗಿಯೇ ಬದಲಾಗುತ್ತದೆ. ನಿಮ್ಮನ್ನು ನೀವು ದೂರಿಕೊಳ್ಳಬೇಡಿ. ಅದರ ಮರಿ ಮಾಡಿಸಬೇಡಿ, ಅಷ್ಟೇ.

ಪ್ರಶ್ನೆ: ಅಯೋಡಿನ್ ಹಾಕಿದರೆ ಬೇಕೆಂದಾಗ ಹೀಗೆ ಬದಲಾಯಿಸಬಹುದಂತೆ. ನನ್ನ ಮಗ ತುಂಬಾ ಆಸೆಪಡುತ್ತಿದ್ದಾನೆ. ಎಷ್ಟು ಹಾಕಬೇಕು?

ಅಳತೆ ನಾನು ಹೇಳುವುದಿಲ್ಲ, ದಯವಿಟ್ಟು ಯಾರನ್ನೂ ಕೇಳಬೇಡಿ. ಥೈರಾಯ್ಡ್ ಹಾರ್ಮೋನು ತಯಾರಾಗಲು ಅಯೋಡಿನ್ ಬೇಕು, ಈ ಮಾತು ಹುಟ್ಟಿದ್ದು ಅಲ್ಲಿಂದ. 1920ರಲ್ಲಿ ಇಂಗ್ಲಿಷ್ ಜೀವಶಾಸ್ತ್ರಜ್ಞ ಜೂಲಿಯನ್ ಹಕ್ಸ್‌ಲಿ ಎತ್ತಿನ ಥೈರಾಯ್ಡ್ ತಿನ್ನಿಸಿ ಆಕ್ಸೊಲಾಟಲ್‌ಗಳನ್ನು ನೆಲದ ಪ್ರಾಣಿ ಮಾಡಿ ತೋರಿಸಿದ್ದು ನಿಜ. ಮನೆಯಲ್ಲಿ ಮಾಡಲು ಹೋದರೆ ಆಗುವುದು ವಿಷಪ್ರಾಶನ. ಬದುಕಿ ಉಳಿದವೂ ಆಮೇಲೆ ಸೊರಗುತ್ತವೆ. ಕಾಲು ತುಂಡಾದರೆ ಮತ್ತೆ ಬೆಳೆಸಿಕೊಳ್ಳುವ ಅದರ ಹೆಸರಾಂತ ಶಕ್ತಿಯೂ ರೂಪ ಬದಲಾದ ಮೇಲೆ ಕುಗ್ಗುತ್ತದೆ, ನಿಧಾನವಾಗಿ ಬೆಳೆದು ಬೆರಳು ಸೊಟ್ಟಗಾಗುವುದುಂಟು. ಮಗನಿಗೆ ನೆಲದ ಸಲಮಾಂಡರ್ ಇಷ್ಟ ಅಂದರೆ ಹುಟ್ಟುಗುಣದಿಂದಲೇ ನೆಲಕ್ಕೆ ಬರುವ ಜಾತಿಗಳಿವೆ. ನಿಮ್ಮಲ್ಲಿ ಸಾಕಲು ಕಾನೂನು ಒಪ್ಪುತ್ತದಾ ಅಂತ ನೋಡಿಕೊಂಡು ಅದನ್ನು ತನ್ನಿ. ಆರೋಗ್ಯವಾಗಿ ಈಜುತ್ತಿರುವ ಪ್ರಾಣಿಯನ್ನು ಸುಮ್ನೆ ನೋಡುವ ಆಸೆಗೋಸ್ಕರ ಇದಕ್ಕೆ ತಳ್ಳುವುದು ನನಗೆ ಸಹಿಸಲಾಗದ ವಿಷಯ.

ಪ್ರಶ್ನೆ: ನಮ್ಮದು ಪೂರ್ತಿ ನೆಲಕ್ಕೆ ಬಂದಿದೆ. ಈಗ ಟ್ಯಾಂಕ್ ಹೇಗಿರಬೇಕು?

ಹಳೆಯ ಟ್ಯಾಂಕೇ ಸಾಕು, ಒಳಗಿನದ್ದು ಪೂರ್ತಿ ಬೇರೆ. ಎತ್ತರಕ್ಕಿಂತ ನೆಲದ ಜಾಗ ಮುಖ್ಯ. ಗೊಬ್ಬರ, ಕೀಟನಾಶಕ ಏನೂ ಸೇರದ ಮಣ್ಣಿಗೆ ತೆಂಗಿನ ನಾರಿನ ಪುಡಿ ಬೆರೆಸಿ ಕನಿಷ್ಠ 10 ಸೆಂಟಿಮೀಟರ್ ಆಳ ತುಂಬಿ, ಯಾಕೆಂದರೆ ಇದು ತೋಡಿಕೊಂಡು ಒಳಗೆ ಕೂರುವ ಪ್ರಾಣಿ. ಮಣ್ಣಿನ ತೇವ ಎಷ್ಟಿರಬೇಕು ಅಂತ ಕೈಯೇ ಹೇಳುತ್ತದೆ: ಒಂದು ಹಿಡಿ ತೆಗೆದು ಹಿಂಡಿದರೆ ಉಂಡೆಯಾಗಬೇಕು, ಬೆರಳಸಂದಿಯಿಂದ ನೀರು ಸೋರಬಾರದು. ಒಂದು ಮೂಲೆ ಸ್ವಲ್ಪ ಜಾಸ್ತಿ ಒದ್ದೆ, ಇನ್ನೊಂದು ಸ್ವಲ್ಪ ಕಡಿಮೆ ಇದ್ದರೆ ಅದು ತನಗೆ ಹಿತವಾದ ಕಡೆ ಹೋಗುತ್ತದೆ. ಅಡಗಲು ಮರದ ತೊಗಟೆಯೋ ಒಡೆದ ಮಣ್ಣಿನ ಕುಂಡವೋ ಇಡಿ. ಇಳಿದು ಹತ್ತಲು ಆಗುವಂಥ ತಗ್ಗು ನೀರಿನ ತಟ್ಟೆ ಒಂದಿರಲಿ, ನೀರು ದಿನಾ ಬದಲಿಸಿ.

ತಂಪು ಮಾತ್ರ ಹಳೆಯ ನಿಯಮವೇ. 16ರಿಂದ 20 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು, 23 ದಾಟಿದರೆ ಅದಕ್ಕೆ ಕಷ್ಟ ಶುರುವಾಗುತ್ತದೆ. ಹಲ್ಲಿ, ಆಮೆಗಳಿಗೆ ಹಾಕುವ ಬಿಸಿ ದೀಪ ಇಲ್ಲಿ ಬೇಡವೇ ಬೇಡ. ಗಾಳಿ ಆಡುವ ಜಾಲರಿ ಮುಚ್ಚಳ ಹಾಕಿ, ಪೂರ್ತಿ ಮುಚ್ಚಿಟ್ಟರೆ ಮಣ್ಣು ಮುಗ್ಗಲು ಹಿಡಿದು ಚರ್ಮಕ್ಕೆ ರೋಗ ಬರುತ್ತದೆ.

ಪ್ರಶ್ನೆ: ಮುಂಚೆ ತಟ್ಟೆಯಲ್ಲಿಟ್ಟ ಊಟವನ್ನು ಗಬಕ್ಕನೆ ತಿನ್ನುತ್ತಿತ್ತು. ಈಗ ಮುಂದೆ ಇಟ್ಟರೂ ನೋಡುವುದಿಲ್ಲ. ಏನು ಕೊಡಲಿ?

ಮುಂಚೆ ಅದು ಬಾಯಿ ತೆರೆದು ನೀರಿನ ಜೊತೆ ಊಟವನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ನೆಲದ ಮೇಲೆ ಆ ವಿದ್ಯೆ ಕೆಲಸಕ್ಕೆ ಬರುವುದಿಲ್ಲ. ಈಗ ನಾಲಿಗೆ, ದವಡೆಯಿಂದ ಹಿಡಿಯುವುದನ್ನು ಹೊಸದಾಗಿ ಕಲಿಯಬೇಕು, ಅಲುಗಾಡುವುದೇ ಅದಕ್ಕೆ ಊಟ ಅನ್ನಿಸಬೇಕು. ತುದಿ ಮೊಂಡಾದ ಚಿಮಟದಲ್ಲಿ ಒಂದು ಎರೆಹುಳ ಹಿಡಿದು, ಸಂಜೆ ದೀಪ ಮಂದ ಮಾಡಿ, ಅದರ ಮೂಗಿನ ಮುಂದೆ ಮೆಲ್ಲಗೆ ಆಡಿಸಿ. ನಮ್ಮದು ಮೂರು ಸಂಜೆ ಮುಖ ತಿರುಗಿಸಿತು. ನಾಲ್ಕನೇ ಸಂಜೆ ತಲೆ ಒಂದು ಬದಿಗೆ ವಾಲಿಸಿ ಸುಮಾರು ಹೊತ್ತು ಹುಳವನ್ನೇ ನೋಡಿತು, ಆಮೇಲೆ ಒಂದೇ ಸಲ ಮುನ್ನುಗ್ಗಿ ಕಚ್ಚಿತು. ನುಂಗುವಾಗ ಎರಡೂ ಕಣ್ಣು ಒಳಕ್ಕೆ ಇಳಿದು ಮತ್ತೆ ಮೇಲೆ ಬಂದವು. ನೋಡಿ ಹೆದರಬೇಡಿ, ಊಟವನ್ನು ಒಳಗೆ ತಳ್ಳಲು ಕಣ್ಣುಗಳೂ ಸಹಾಯ ಮಾಡುತ್ತವೆ.

ಎರೆಹುಳವೇ ಮುಖ್ಯ ಊಟ. ನಡುವೆ ಕ್ರಿಕೆಟ್ ಹುಳ, ಸಾಕಿದ ಜಿರಲೆ ಕೊಡಬಹುದು, ಅವಕ್ಕೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ. ಮನೆಯಲ್ಲಿ ಹರಿದಾಡುವ ಜಿರಲೆ ಬೇಡ, ಔಷಧಿ ತಿಂದಿರಬಹುದು. ಬೆಳೆದ ಪ್ರಾಣಿಗೆ ವಾರಕ್ಕೆ ಎರಡು ಮೂರು ಸಲ ಸಾಕು. ಹೊಟ್ಟೆಯ ಅಗಲ ತಲೆಯ ಅಗಲಕ್ಕಿಂತ ಬಹಳ ಜಾಸ್ತಿಯಾದರೆ ಒಂದು ಹೊತ್ತು ಕಡಿಮೆ ಮಾಡಿ. ಓಡಾಟ ಕಡಿಮೆ ಆದ್ದರಿಂದ ಬೇಗ ಕೊಬ್ಬು ಕಟ್ಟುತ್ತದೆ.

ಪ್ರಶ್ನೆ: ಕೈಯಲ್ಲಿ ಎತ್ತಿಕೊಳ್ಳಬಹುದಾ?

ಟ್ಯಾಂಕ್ ತೊಳೆಯುವಾಗ ಬಿಟ್ಟರೆ ಬೇಡ. ಎತ್ತಲೇಬೇಕಾದರೆ ಸೋಪಿಲ್ಲದೆ ಕೈ ಚೆನ್ನಾಗಿ ತೊಳೆದು, ಕ್ಲೋರಿನ್ ತೆಗೆದ ನೀರಿನಲ್ಲಿ ಒದ್ದೆ ಮಾಡಿಕೊಂಡು ಎತ್ತಿ. ಅದರ ಚರ್ಮ ಮುಟ್ಟಿದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಕೈಗೆ ಹಚ್ಚಿದ ಕ್ರೀಮೂ ಅದರ ಮೈಯೊಳಗೆ ಹೋಗುತ್ತದೆ. ಆಮೇಲೆ ನಿಮ್ಮ ಕೈಯನ್ನು ಸೋಪು ಹಾಕಿ ತೊಳೆಯಿರಿ.

ಪ್ರಶ್ನೆ: ಹೀಗಾದ ಮೇಲೆ ಎಷ್ಟು ವರ್ಷ ಬದುಕುತ್ತದೆ? ಜಾಸ್ತಿ ದಿನ ಇರಲ್ಲ ಅಂತ ಕೇಳಿ ಮಗಳು ಅಳುತ್ತಿದ್ದಾಳೆ.

ನೀರಲ್ಲೇ ಇರುವ ಆಕ್ಸೊಲಾಟಲ್ ಚೆನ್ನಾಗಿ ನೋಡಿಕೊಂಡರೆ 10ರಿಂದ 15 ವರ್ಷ ಬದುಕುತ್ತದೆ. ರೂಪ ಬದಲಾದವುಗಳ ಆಯಸ್ಸು ಅದಕ್ಕಿಂತ ಕಡಿಮೆಯಾಗುವುದು ಸಾಮಾನ್ಯ, ಬದಲಾಗುವ ಆ ಕೆಲವು ವಾರಗಳಲ್ಲೇ ಕೆಲವು ಹೋಗಿಬಿಡುತ್ತವೆ. ಆದರೆ ಆ ಹಂತ ದಾಟಿ, ತಾನಾಗಿ ತಿನ್ನಲು ಕಲಿತು, ತಂಪಾದ ಜಾಗದಲ್ಲಿ ನೆಮ್ಮದಿಯಾಗಿ ವರ್ಷಗಟ್ಟಲೆ ಬದುಕಿದವೂ ಇವೆ. ನಿಮ್ಮದು ತಿನ್ನುತ್ತಿದೆ ಅಂತ ಪತ್ರದಲ್ಲಿ ಬರೆದಿದ್ದೀರಿ, ಅದು ಒಳ್ಳೆಯ ಸೂಚನೆ. ಪ್ರತಿ ಭಾನುವಾರ ಅದರ ತೂಕ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಲು ಮಗಳಿಗೆ ಹೇಳಿ. ಅಡುಗೆಮನೆಯ ತಕ್ಕಡಿ ಬೇಡ, ಇದಕ್ಕೇ ಒಂದು ಸಣ್ಣ ತಕ್ಕಡಿ, ಒಂದು ಒದ್ದೆ ಡಬ್ಬಿ ಇಟ್ಟುಕೊಳ್ಳಿ. ತೂಕ ಇಳಿಯುವುದು ಕಣ್ಣಿಗಿಂತ ಮೊದಲು ಆ ಪುಸ್ತಕದಲ್ಲಿ ಗೊತ್ತಾಗುತ್ತದೆ. ಇನ್ನೊಂದು ಮಾತು, ಸಂಜೆ ದೀಪ ಮಂದ ಮಾಡಿ ಅವಳನ್ನು ಟ್ಯಾಂಕಿನ ಮುಂದೆ ಕೂರಿಸಿ. ಮುಂಚೆ ಅದಕ್ಕೆ ರೆಪ್ಪೆ ಇರಲಿಲ್ಲ. ಈಗ ಅದು ಕಣ್ಣು ಮಿಟುಕಿಸುತ್ತದೆ, ಅವಳು ಅದನ್ನು ನೋಡಲಿ.